ಮುನಿಯಮ್ಮ ಮೋಟರ್ ನಿಲ್ಲಿಸಿದ್ದು

೧೯೮೬ರ ಬೇಸಿಗೆ. ಹೊಸೂರಿನ ಕಾರ್ಖಾನೆಯಲ್ಲಿದ್ದ ನನ್ನ ಅಣ್ಣ ಮತ್ತು ಮೂವರು ಗೆಳೆಯರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದರು. ಆ ಬ್ಯಾಂಡ್ ಮತ್ತು ಅದರ ಊರಿನ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಬೆಂಗಳೂರಿನಿಂದ ಒಬ್ಬ ನಿರ್ದೇಶಕ ಬಂದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದ ನನಗೆ, ಕ್ಯಾಮೆರಾ ಮುಂದೆ ಬ್ಯಾಂಡಿನ ವಿರುದ್ಧ ಎರಡು ಮಾತಾಡಿ ಎಂದ. ಖುಷಿಯಿಂದ ಒಪ್ಪಿದೆ. ಇದು ಬರೀ ನಕಲು, ಈ ನೆಲದವರು ಯಾರೂ ನಿಂತು ಕೇಳುವುದಿಲ್ಲ ಎಂಬುದು ನನ್ನ ವಾದ.

ಹೊಸೂರಿನ ಆಲಸನತ್ತಂನಲ್ಲಿದ್ದ ನಮ್ಮ ಮನೆಯಲ್ಲಿ ನುಡಿಸಿದರೆ ನೆರೆಯವರು ಜಗಳಕ್ಕೆ ಬರುತ್ತಿದ್ದರು. ಹಾಗಾಗಿ ಅಭ್ಯಾಸವೆಲ್ಲ ಹತ್ತಿರದ ಹಳ್ಳಿ ಉದ್ದನಪಲ್ಲಿಯಲ್ಲಿ, ಡ್ರಮ್ ಬಾರಿಸುವ ನಾಗರಾಜನ ಹೊಲದ ಪಂಪ್‌ಸೆಟ್ ಮನೆಯಲ್ಲಿ. ಕೊನೆಯ ದಿನದ ಚಿತ್ರೀಕರಣವೂ ಅಲ್ಲೇ. ಅಂದು ಗಿಟಾರಿಗೂ ಮೋಟರಿಗೂ ಬೇಕಾದ ಕರೆಂಟು ಬಂದದ್ದೇ ಮಧ್ಯಾಹ್ನ ಮೂರಕ್ಕೆ. ಬಾವಿ ಎರಡು ಮನೆಗೆ ಸೇರಿದ್ದು. ಆ ದಿನದ ನೀರಿನ ಸರದಿ ಪಕ್ಕದ ಹೊಲದ ಮುನಿಯಮ್ಮನದು. ಆಕೆ ಬಂದು ಮೋಟರ್ ಹಾಕಿದರು. ಆ ಸದ್ದಿನಲ್ಲಿ ರೆಕಾರ್ಡಿಂಗ್ ಸಾಧ್ಯವೇ ಇರಲಿಲ್ಲ. ಬಾಡಿಗೆ ಕ್ಯಾಮೆರಾ ಸಂಜೆಗೆ ವಾಪಸು ಹೋಗಬೇಕು. ಹಾಡಿಲ್ಲದಿದ್ದರೆ ಚಿತ್ರವೇ ಇಲ್ಲ.

"ಯಾವಾಗ ಆಫ್ ಮಾಡ್ತೀಯಕ್ಕಾ?" ನಾಗರಾಜ ಕೇಳಿದ.

"ಕರೆಂಟು ಹೋದಾಗ. ಟಮಾಟೆ ನೀರು ಕಂಡು ಮೂರು ದಿನ ಆಯ್ತು ಕಣ್ಲಾ."

ಅಣ್ಣ ಗಿಟಾರನ್ನು ಚೀಲಕ್ಕೆ ಹಾಕತೊಡಗಿದ. ಮುನಿಯಮ್ಮ ಅವನ ಮುಖ ನೋಡಿದರು. ನಿರ್ದೇಶಕನತ್ತ ಗದ್ದ ಎತ್ತಿ, "ಆ ಯಪ್ಪ ನಾಳೆ ಬತ್ತಾನಾ?" ಎಂದರು. ಇಲ್ಲ ಎಂದೆವು. ಆಕೆ ಹೋಗಿ ಮೋಟರ್ ನಿಲ್ಲಿಸಿಬಿಟ್ಟರು.

ನನಗೆ ಸುಮ್ಮನಿರಲಾಗಲಿಲ್ಲ. "ಗಿಡ ಬಾಡೋದಿಲ್ವಾ ಅಕ್ಕಾ?"

"ಬಾಡ್ತವೆ ಕಣಮ್ಮ. ವಾದ ಆಮೇಲೆ ಮಾಡೀವಂತೆ, ಈಗ ಹುಡುಗ್ರು ಬಾರಿಸ್ಲಿ."

ಹುಡುಗರು ನುಡಿಸಿದರು. ಮನೆಯ ಹಜಾರದಲ್ಲಿ ಗದ್ದಲವೆನಿಸಿದ್ದ ಅದೇ ಹಾಡು ಬಯಲಿಗೆ ಬಿದ್ದು, ಎದುರಿನ ಬಂಡೆಗುಡ್ಡಕ್ಕೆ ಹೊಡೆದು ತಿರುಗಿ ಬಂತು. ಆ ಮರುದನಿಗೆ ಜಾಗ ಬಿಟ್ಟು ನಾಗರಾಜ ಬಾರಿಸುತ್ತಿದ್ದ. ಗುಡ್ಡವೂ ಅವರೊಡನೆ ನುಡಿಸುತ್ತಿತ್ತು. ನನ್ನ ಮೈ ಜುಮ್ಮೆಂದಿತು. ಯಾರೂ ಮೋಟರಿನ ಸ್ಟಾರ್ಟರ್ ಮುಟ್ಟದಂತೆ ಅಡ್ಡ ನಿಂತು ಮುನಿಯಮ್ಮ ಕೇಳುತ್ತಿದ್ದರು.

"ಇನ್ನೊಂದ್ಸಲ ಬೇಕೇನು?" ಎಂದು ಆಕೆಯೇ ಕೇಳಿದರು. ಎರಡನೆಯ ಸಲ ಮುಗಿಯುತ್ತಿದ್ದಂತೆ ಕರೆಂಟು ಹೋಯಿತು. ನಿರ್ದೇಶಕ ಕ್ಯಾಮೆರಾವನ್ನು ನನ್ನತ್ತ ತಿರುಗಿಸಿದ. ನನ್ನ ವಾದವನ್ನು ಅಲ್ಲೇ ಬಿಟ್ಟು ಬಾವಿಯತ್ತ ನಡೆದೆ. ಅಷ್ಟರಲ್ಲಿ ಮುನಿಯಮ್ಮ ಬಾವಿಗೆ ಕೊಡ ಇಳಿಸಿದ್ದರು. ನಾವೂ ಸಿಕ್ಕ ಬಿಂದಿಗೆ ಹಿಡಿದು ಕತ್ತಲಾಗುವವರೆಗೆ ನೀರು ಹೊತ್ತೆವು. ಅರ್ಧ ತೋಟವೂ ನೆನೆಯಲಿಲ್ಲ.

ಚಿತ್ರ ನೋಡಿದವರೆಲ್ಲ ಹಾಡು ಎಷ್ಟು ಸ್ವಚ್ಛವಾಗಿ ಕೇಳಿಸುತ್ತದೆ ಎಂದು ಹೊಗಳಿದರು. ಅದರಲ್ಲಿ ಮುನಿಯಮ್ಮ ಎಲ್ಲೂ ಕಾಣುವುದಿಲ್ಲ. ಹಾಗೆ ಕೇಳಿಸಲು ಎಂಟು ಸಾಲು ಟಮಾಟೆ ಒಣಗಿತು ಎಂದು ನಾನೇ ಎಲ್ಲರಿಗೂ ಹೇಳಬೇಕಾಗುತ್ತದೆ. ಹೇಳುವಾಗ ಪ್ರತಿ ಸಲವೂ ನನ್ನ ದನಿ ತಾನಾಗಿ ಇಳಿಯುತ್ತದೆ.