ಹಿಮರೂ ಶಾಲು ಹುಡುಕಿಕೊಂಡು

ನಾಸಿಕದಿಂದ ಬೆಳಿಗ್ಗೆ ಆರರ ಕೆಂಪು ಬಸ್ಸಿಗೆ ನಾನು ಮತ್ತು ನಮ್ಮವ್ವ ಸಂಭಾಜಿನಗರಕ್ಕೆ ಹೊರಟೆವು. ಸುಮಾರು ಇನ್ನೂರು ಕಿಲೋಮೀಟರ್ ದಾರಿ. ಎಪ್ಪತ್ತೈದು ದಾಟಿದವರಿಗೆ ಇಲ್ಲಿಯ ಸರ್ಕಾರಿ ಬಸ್ಸು ಪುಕ್ಕಟೆ. ಕಂಡಕ್ಟರು ಅವ್ವನ ಆಧಾರ್ ಕಾರ್ಡು ನೋಡಿ ಸುಮ್ಮನೆ ಮುಂದೆ ಹೋದ. ದುಡ್ಡು ಕೊಟ್ಟು ಟಿಕೆಟ್ ತೆಗೆಸಿದ ನನ್ನನ್ನು ಅವ್ವ ಕರುಣೆಯಿಂದ ನೋಡಿದಳು.

ನಾವು ಹೊರಟದ್ದು ಒಂದು ಶಾಲು ತರಲಿಕ್ಕೆ. ಜನವರಿಯಲ್ಲಿ ಲೇಹ್‌ನಲ್ಲಿ ನನ್ನ ಮಗಳು ಪಲ್ಲವಿಯ ಮದುವೆ. ಕೆಲಸಕ್ಕೆಂದು ಅಲ್ಲಿಗೆ ಹೋದವಳು ಅಲ್ಲಿಯ ಹುಡುಗನನ್ನೇ ಮೆಚ್ಚಿಕೊಂಡಳು. ಇಳಕಲ್ಲಿನಲ್ಲಿರುವ ನಮ್ಮ ಕಾಕಾಗಳು, ಅಣ್ಣಂದಿರು ಯಾರೂ ಬರಲೊಲ್ಲರು. ಹುಡುಗ ನಮ್ಮವನಲ್ಲ ಎಂಬುದು ಅವರ ಸಂಕಟ, ಬಾಯಲ್ಲಿ ಮಾತ್ರ 'ಅಲ್ಲಿ ಭಾಳ ಥಂಡಿ'. ಹೀಗಾಗಿ ಮದುಮಕ್ಕಳ ತಲೆಗೆ ಅಕ್ಕಿಕಾಳು ಹಾಕಿ ಹರಸಲು ನಮ್ಮ ಕಡೆಯ ಹಿರಿಯರೆಂದರೆ ಅವ್ವ ಒಬ್ಬಳೇ. ಅವಳೇನೋ ಬರುತ್ತೇನೆ ಎಂದಳು. ಡಾಕ್ಟರರೂ ಎದೆ, ಉಸಿರು ಎಲ್ಲ ನೋಡಿ ಒಪ್ಪಿದರು. ಆದರೆ ಕಾಲು ಬೆಚ್ಚಗಿರಬೇಕು, ಬರೀ ಸೀರೆಯಲ್ಲಿ ಕರೆದೊಯ್ಯುವುದಾದರೆ ಬೇಡವೇ ಬೇಡ ಎಂದರು. ತೊಡಕಾದದ್ದು ಅಲ್ಲಿಯೇ. ನನ್ನ ಹೆಂಡತಿ ತಂದಿಟ್ಟ ಥರ್ಮಲ್ ಪ್ಯಾಂಟನ್ನು ಅವ್ವ ಎರಡು ಬೆರಳಲ್ಲಿ ಎತ್ತಿ ನೋಡಿ, "ಇದ ಗಂಡಸರ ಇಜಾರ. ನಾ ಹಾಕ್ಕೊಳ್ಳಂಗಿಲ್ಲ" ಎಂದು ಕೆಳಗಿಟ್ಟಳು. ನನ್ನ ಮತ್ತು ಹೆಂಡತಿಯ ವಿಮಾನದ ಟಿಕೆಟ್ ಆಗಿತ್ತು. ಅವ್ವನದು ಹಾಗೇ ಉಳಿದಿತ್ತು.

ಆ ಹೊತ್ತಿಗೆ ಬ್ಯಾಂಕಿನಲ್ಲಿ ನನ್ನ ಜೊತೆಯವರೊಬ್ಬರು ಸಂಭಾಜಿನಗರದ ಹಿಮರೂ ಶಾಲಿನ ಮಾತು ತೆಗೆದರು. ಮನೆಗೆ ಬಂದು ಹೇಳಿದ್ದೇ ತಡ, ಅವ್ವನ ಕಣ್ಣು ಅರಳಿತು. "ಹಿಮರೂ ಅಂದ್ರ ಹಿಮದಾಗ ಹೊದಿಯೂದು. ಹೆಸರಿನಾಗ ಐತಲ್ಲೋ. ಅದನ್ನ ಕಾಲಿಗೆ ಎರಡು ಸುತ್ತ ಸುತ್ತಿಕೊಂಡ್ರ ಇಜಾರ ಯಾಕ ಬೇಕು?" ನನಗೂ ಹೌದಲ್ಲ ಎನ್ನಿಸಿತು. ಯಾರನ್ನೂ ಕೇಳುವ ಗೋಜಿಗೆ ಹೋಗಲಿಲ್ಲ.

ನಿಫಾಡ ಬರುವ ಹೊತ್ತಿಗೆ ಬಸ್ಸಿನ ಕಿಟಕಿಯ ಸಂದಿಯಿಂದ ಗಾಳಿ ಕೊರೆಯುತ್ತಿತ್ತು. ಮಹಾರಾಷ್ಟ್ರದಲ್ಲಿ ಚಳಿಗೆ ಹೆಸರಾದ ಊರು ಅದು. ದ್ರಾಕ್ಷಿ ತೋಟಗಳಲ್ಲಿ ಬಳ್ಳಿಗೆ ಚಳಿ ಬಡಿಯದಿರಲೆಂದು ಅಲ್ಲಲ್ಲಿ ಹೊಗೆ ಹಾಕಿದ್ದರು. ಅವ್ವನ ಪ್ರಶ್ನೆಗಳು ಶುರುವಾದವು. ಲೇಹ್‌ನಲ್ಲಿ ಕಾಗೆ ಇರುತ್ತವೆಯೇ? ಕೊಬ್ಬರಿ ಎಣ್ಣೆ ಗಟ್ಟಿಯಾದರೆ ತಲೆಗೆ ಏನು ಹಚ್ಚುತ್ತಾರೆ? ಒಗೆದ ಬಟ್ಟೆ ಹೇಗೆ ಒಣಗುತ್ತದೆ? ನನಗೆ ಒಂದೂ ಗೊತ್ತಿರಲಿಲ್ಲ, ಕೇಳುತ್ತ ಹೋದಂತೆ ನನಗೂ ಕುತೂಹಲ ಹತ್ತಿತು. ಪಲ್ಲವಿಗೆ ಫೋನು ಹಚ್ಚಿ ಅವ್ವನ ಕೈಗೆ ಕೊಟ್ಟೆ. ನಾಸಿಕದಲ್ಲಿ ಬೆಳೆದ ಹುಡುಗಿ, ಅವಳ ಕನ್ನಡದಲ್ಲಿ ಅರ್ಧ ಮರಾಠಿ. "ಅಜ್ಜಿ, ಇಲ್ಲಿ ಟೊಮ್ಯಾಟೊ ಪಣ ದಗಡ ಆಗ್ತದ. ಬಟ್ಟಿ ಹಪ್ಪಳ ಆಗ್ತದ. ತೇ ಸೋಡ, ಅದೆಲ್ಲಾ ಬಿಡು, ನೀ ಬಾ. ನೀ ಬಂದ್ರ ಬಸ್." ಫೋನು ಕೊಡುತ್ತ ಅವ್ವ, "ಟೊಮ್ಯಾಟೊ ಕಲ್ಲಾಗತಾವಂತ" ಎಂದು ನಕ್ಕಳು.

ಯೇವಲೆಯಲ್ಲಿ ಬಸ್ಸು ನಿಂತಾಗ ಬಿಸಿ ಪೋಹೆ ತಿಂದು ಚಹಾ ಕುಡಿದೆವು. ವೈಜಾಪುರ ದಾಟಿದ ಮೇಲೆ ಬಿಸಿಲೇರಿ ಅವ್ವ ಸ್ವೆಟರ್ ಬಿಚ್ಚಿದಳು. ವಾಳೂಜಿನ ಕಾರ್ಖಾನೆಗಳ ಮುಂದೆ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು, ಮಧ್ಯಾಹ್ನದ ಹೊತ್ತಿಗೆ ಊರು ಮುಟ್ಟಿದೆವು.

ಹಳೆಯ ಊರಿನ ಗಲ್ಲಿಯೊಂದರಲ್ಲಿ ಮಗ್ಗವಿಟ್ಟುಕೊಂಡ ಅಂಗಡಿಗೆ ರಿಕ್ಷಾದವನು ತಂದು ಬಿಟ್ಟ. ಮಾಲೀಕರು ಬಿಳಿ ಗಡ್ಡದ ಮುಸ್ಲಿಂ ಹಿರಿಯರು. ಅವರು ಬಿಡಿಸಿದ ಮೊದಲ ಶಾಲನ್ನೇ ಅವ್ವ ಹೆಬ್ಬೆರಳಲ್ಲಿ ತಿಕ್ಕಿ ನೋಡಿದಳು. ಇಳಕಲ್ಲಿನ ಹೆಣ್ಣುಮಗಳಿಗೆ ನೂಲು ಕಲಿಸಬೇಕಿಲ್ಲ. "ಇದರಾಗ ಉಣ್ಣಿ ನೂಲ ಎಲ್ಲೈತಿ?" ಎಂದು ನನ್ನನ್ನು ಕೇಳಿ, ಅವರಿಗೆ ತನ್ನ ಸಂತೆಯ ಹಿಂದಿಯಲ್ಲಿ, "ಊನ್ ಕಹಾಂ ಹೈ ಭಾಯಿ?" ಎಂದಳು.

"ಊನ್ ನೈ ಅಮ್ಮಾ. ಸೂತ್ ಔರ್ ರೇಶಮ್," ಎಂದರು ಅವರು. ಬರೀ ಹತ್ತಿ ಮತ್ತು ರೇಷ್ಮೆ. ಹಿಮಕ್ಕೂ ಹಿಮರೂಗೂ ಸಂಬಂಧವೇ ಇಲ್ಲವಂತೆ. ಅದು ಫಾರ್ಸಿ ಮಾತು, 'ಅದರ ಹಾಗೆಯೇ ಇರುವುದು' ಎಂದು ಅರ್ಥ. ರಾಜರು ತೊಡುತ್ತಿದ್ದ ಜರಿಯ ಬಟ್ಟೆಯ ಹಾಗೆ ಕಾಣಲೆಂದು ನೇಯ್ದದ್ದು. ನಾವು ಬಂದ ಕಾರಣ ಕೇಳಿ ಅವರು ನಗಲಿಲ್ಲ, ಚಹಾ ತರಿಸಿದರು. ನೇಯ್ಗೆ ತೋರಿಸಲೆಂದು ಶಾಲನ್ನು ತಿರುವಿ ಹಾಕಿದರು. ಮೇಲೆ ಒಪ್ಪವಾದ ಬಳ್ಳಿ, ಹೂವು. ಕೆಳಗೆ ಆ ಹೂವಿನ ಎಳೆಗಳೆಲ್ಲ ಸಡಿಲವಾಗಿ ಜೋತಾಡುತ್ತಿದ್ದವು. ಅವ್ವ ಅದನ್ನು ಮತ್ತೆ ಮತ್ತೆ ತಿರುವಿ ನೋಡಿ, ಏನೂ ಕೊಳ್ಳದೆ ಎದ್ದಳು.

ಖಾನಾವಳಿಯಲ್ಲಿ ಜೋಳದ ಭಾಕರಿ, ಕಡಲೆಹಿಟ್ಟಿನ ಝುಣಕ ಬಂದವು. ಅವ್ವ ಮುರಿದ ತುತ್ತನ್ನು ತಾಟಿನಲ್ಲೇ ಇಟ್ಟಳು. ನನಗೆ ಕೆಡುಕೆನಿಸಿತು. "ಆಗಲಿ ಬಿಡವ್ವ. ವಿಡಿಯೋದಾಗ ನೋಡಿಕೋತ ಇಲ್ಲಿಂದನ ಅಕ್ಕಿಕಾಳ ಹಾಕು" ಎಂದೆ.

"ಫೋನಿನ ಮ್ಯಾಲ ಅಕ್ಕಿ ಹಾಕಲೇನು?" ಎಂದಳು ಅವ್ವ. "ಆ ಕೂಸು ಒಂಟಿ ನಿಂದರತೈತಿ. ಬೀಗರು ಕೇಳ್ತಾರ, ನಿಮ್ಮ ಕಡಿ ಹಿರೇರು ಯಾರೂ ಇಲ್ಲೇನು ಅಂತ." ನೀರು ಕುಡಿದು ಕೇಳಿದಳು, "ಆ ಶಾಲಿನ ಹಿಂಬದಿ ನೋಡಿದಿ ಇಲ್ಲ?"

"ನೋಡಿದೆ."

"ಮ್ಯಾಲ ಹೂ ಚಂದ ಇದ್ರಾತು. ಒಳಗಿಂದು ಯಾರ ತಿರುವಿ ನೋಡತಾರ? ನಡಿ, ಆ ಇಜಾರ ಎಲ್ಲಿ ಮಾರತಾರ ತೋರಿಸು. ಮನಿಯಾಗಿಂದು ಬ್ಯಾಡ, ಅದು ಭಾಳ ಬಿಗಿ ಐತಿ."

ಭಾಕರಿ ಪೂರ್ತಿ ತಿಂದೇ ಎದ್ದಳು. ಚಳಿಗಾಲಕ್ಕೆ ಬಂದು ಸ್ವೆಟರ್ ಮಾರುವ ಟಿಬೆಟಿನವರ ಸಾಲಂಗಡಿಗಳಲ್ಲಿ ಸಡಿಲವಾದ ಉಣ್ಣೆಯ ಪ್ಯಾಂಟು, ಕಾಲುಚೀಲ, ಕೈಗವಸು ಕೊಂಡೆವು. ಪ್ಯಾಂಟನ್ನು ಅಲ್ಲಿಯೇ ಪರದೆಯ ಹಿಂದೆ ಹಾಕಿಕೊಂಡು, ಮೇಲೆ ಸೀರೆಯ ನಿರಿಗೆ ಸರಿಮಾಡಿಕೊಂಡು ಹೊರಬಂದು, ಏನಾದರೂ ಕಾಣುತ್ತದೆಯೇ ಎಂದು ನನ್ನನ್ನಲ್ಲ, ಅಂಗಡಿಯ ಹೆಂಗಸನ್ನು ಕೇಳಿದಳು. ಆಕೆ ಕಾಣುವುದಿಲ್ಲ ಎಂದಳು. ಅಲ್ಲಿಂದ ಹಳೆಯ ಗಲ್ಲಿಗೆ ಮರಳಿ ಪಲ್ಲವಿಗೆಂದು ಒಂದು ಹಿಮರೂ ಶಾಲನ್ನೂ ಆರಿಸಿದಳು.

ಸಂಜೆಯ ಬಸ್ಸು ವಾಳೂಜ್ ದಾಟುವಾಗ ಕಾರ್ಖಾನೆಗಳ ದೀಪ ಹತ್ತಿದ್ದವು. ನಾನು ಫೋನಿನಲ್ಲಿ ಅವ್ವನ ವಿಮಾನದ ಟಿಕೆಟ್ ತೆಗೆಯುತ್ತಿದ್ದೆ. ಅವಳು ಕೈಗವಸು ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದಳು.

"ಎಲ್ಲಾ ಹಾಕ್ಕೋತೀನಿ," ಎಂದಳು. "ಅಕ್ಕಿಕಾಳ ಹಾಕೂ ಮುಂದ ಮಾತ್ರ ಇವನ್ನ ತಗೀತೀನಿ. ಥಂಡಿ ಎಷ್ಟರ ಇರಲಿ. ಆಕಿ ತಲಿ ಮ್ಯಾಲ ಬರಿಗೈಲೆ ಹಾಕಬೇಕು."