ಹಳೆಯ ನೀರು ಮತ್ತು ಲ್ಯಾವೆಂಡರ್

ಬಸವನ ಬಾಗೇವಾಡಿಯಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ, ನಮ್ಮದೇ ಶಾಲೆಯ ಗಣಿತದ ಶಿಕ್ಷಕಿಯೊಬ್ಬಳು ಆರು ವರ್ಷ ನನ್ನೊಡನೆ ಒಂದೇ ಬಾಡಿಗೆ ಮನೆಯಲ್ಲಿದ್ದಳು. ಮದುವೆಯಾಗಿ ಇಂಡಿಗೆ ಹೊರಟ ದಿನ, ಊಟಿಯ ಪ್ರವಾಸದಿಂದ ತಂದಿದ್ದ ಎರಡು ಲ್ಯಾವೆಂಡರ್ ಸಸಿಗಳನ್ನು ನನ್ನ ಪಾಲಿಗೆ ಬಿಟ್ಟಳು.

"ಹೂ ಬಿಟ್ಟಾಗ ಕಾಗದ ಬರಿ. ಎಲ್ಲಾ ಕೆಲಸ ಬಿಟ್ಟು ಬರ್ತೇನಿ," ಎಂದಳು.

ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಬರಬಹುದಾದಷ್ಟು ದೂರ. ಆದ್ದರಿಂದ ಆ ಮಾತನ್ನು ನಂಬಿದೆ.

ಅಂಗಳದ ಎರೆಮಣ್ಣಿನಲ್ಲಿ ಅಳೆದು, ಗೂಟ ಹೊಡೆದು ನೆಟ್ಟೆ. ಬೇಸಿಗೆಯಲ್ಲಿ ಉತ್ತರಪತ್ರಿಕೆ ತಿದ್ದಲು ಹದಿನೈದು ದಿನ ಬಿಜಾಪುರಕ್ಕೆ ಹೋದೆ. ಮರಳಿ ಬಂದಾಗ ಒಂದು ಸಸಿ ಬುಡದಿಂದ ಕಪ್ಪಾಗಿ ಒರಗಿತ್ತು. ಎದುರುಮನೆಯ ಹಿರಿಯ ಹೆಂಗಸು ಗೇಟಿನ ಬಳಿ ಬಂದರು.

"ಅಕ್ಕೋರ, ನೀರು ಹಾಕೂದು ತಪ್ಪಿಸಿಲ್ರಿ ನಾನು. ನಳ ಬಂದಾಗೊಮ್ಮೆ ಕೊಡದಾನ ಹಳೀ ನೀರೆಲ್ಲಾ ಇದಕ್ಕ ಹಾಕೇನಿ."

ನಮ್ಮ ಓಣಿಯ ರೂಢಿಯೇ ಅದು. ಮೂರು ದಿನಕ್ಕೊಮ್ಮೆ ನಳದಲ್ಲಿ ಹೊಸ ನೀರು ಬಂದಾಗ ಹಳೆಯ ನೀರನ್ನು ಚೆಲ್ಲದೆ ಗಿಡದ ಬುಡಕ್ಕೆ ಸುರಿಯಬೇಕು. ಅದು ಪುಣ್ಯದ ಕೆಲಸ.

"ಈ ಗಿಡಕ್ಕೆ ನೀರು ಹೆಚ್ಚಾಗಬಾರದು," ಎಂದೆ, ಸ್ವಲ್ಪ ಗಡುಸಾಗಿಯೇ.

"ನಿಮ್ಮ ಗಿಡಾನೂ ನಿಮ್ಹಂಗ ಐತಿ ಬಿಡ್ರಿ. ಯಾರರ ಪ್ರೀತಿ ಮಾಡಿದ್ರ ಸಿಟ್ಟು."

ತಪ್ಪು ಅವರದಾಗಿರಲಿಲ್ಲ. ನೀರು ನಿಲ್ಲದ ನೆಲ ಬೇಕೆಂದು ಸಸಿಗಳೊಡನೆ ಬಂದ ಚೀಟಿಯಲ್ಲಿತ್ತು. ಪ್ರಶ್ನೆಯನ್ನು ಎರಡು ಸಲ ಓದಿರೆಂದು ಮಕ್ಕಳಿಗೆ ಹೇಳುತ್ತಿದ್ದ ನಾನು ಅದನ್ನು ಒಮ್ಮೆ ಓದಿ ಪುಸ್ತಕದೊಳಗೆ ಮಡಚಿಟ್ಟಿದ್ದೆ. ಒಮ್ಮೆ ನೆನೆದರೆ ವಾರಗಟ್ಟಲೆ ಹಸಿ ಬಿಡದ ಎರೆಮಣ್ಣಿನ ಗುಣ ನನಗೆ ತಿಳಿಯದ್ದೂ ಅಲ್ಲ.

ಮರುದಿನ ಇಂಗಳೇಶ್ವರಕ್ಕೆ ಹೋಗಿ, ನೀರು ಬಸಿದುಹೋಗಲೆಂದು ಗುಡ್ಡದ ಬದಿಯ ಗರಸನ್ನು, ಆ ಸಣ್ಣ ಕಲ್ಲುಮಣ್ಣನ್ನು, ಚೀಲದಲ್ಲಿ ತುಂಬಿ ಬಸ್ಸು ಹತ್ತಿದೆ. ಕಂಡಕ್ಟರ್ ಚೀಲವನ್ನು ಕಾಲಿನಿಂದ ಒತ್ತಿ ನೋಡಿದ.

"ಏನೈತ್ರಿ ಇದರಾಗ?"

"ಗರಸು."

"ಬಾಗೇವಾಡ್ಯಾಗ ಕಲ್ಲಿಗೂ ಬರ ಬಂತೇನ್ರಿ, ಅಕ್ಕೋರ?"

ಗರಸು ಅರ್ಧ, ಮಣ್ಣು ಅರ್ಧ ಬೆರೆಸಿ ಮೊಳದೆತ್ತರದ ದಿಬ್ಬ ಕಟ್ಟಿ, ಉಳಿದ ಸಸಿಯನ್ನು ಅದರ ಮೇಲೆ ನೆಟ್ಟೆ. ಬೆರಳನ್ನು ಎರಡು ಗೆಣ್ಣಿನವರೆಗೆ ಇಳಿಸಿದಾಗ ಒಣಗಿದ್ದರೆ ಮಾತ್ರ ನೀರು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಹಳೆಯ ಚಾದರದ ನೆರಳು; ಮಳೆಗಾಲದಲ್ಲಿ ತಗಡಿನ ಮರೆ. ಸಂಜೆ ಶಾಲೆಯಿಂದ ಬಂದು ಎರಡು ಕಪ್ ಚಹಾ ಮಾಡುವ ರೂಢಿಯನ್ನು ಬಿಡಲು ಆ ಒಂದು ವರ್ಷವೆಲ್ಲ ಹಿಡಿಯಿತು.

ಎರಡನೆಯ ಚಳಿಗಾಲದಲ್ಲಿ ಏಳು ಕಡ್ಡಿಗಳಲ್ಲಿ ನೇರಳೆ ಹೂ ಮೂಡಿತು. ಅಂದೇ ಕಾಗದ ಬರೆದೆ. ಅತ್ತೆಗೆ ಆರಾಮಿಲ್ಲ, ಮುಂದಿನ ವಾರ ಬರುತ್ತೇನೆ ಎಂದು ಉತ್ತರ ಬಂದಿತು. ಬಣ್ಣವಿರುವಾಗಲೇ ಹೂವಿನ ಕಡ್ಡಿಗಳನ್ನು ಕತ್ತರಿಸಬೇಕು, ಇಲ್ಲದಿದ್ದರೆ ಗಿಡ ಕಟ್ಟಿಗೆಯಾಗುತ್ತದೆ ಎಂಬುದನ್ನು ಈ ಸಲ ಚೀಟಿಯಲ್ಲಿ ಎರಡು ಬಾರಿ ಓದಿದ್ದೆ. ಆದರೂ ಕತ್ತರಿಸಲಿಲ್ಲ. ಅವಳು ಗಿಡದ ಮೇಲೆಯೇ ನೋಡಲಿ ಎಂದು ನಾಲ್ಕು ಭಾನುವಾರ ಬಸ್‌ನಿಲ್ದಾಣಕ್ಕೆ ಹೋಗಿ ಬಂದೆ. ಸಂಕ್ರಮಣದ ಹೊತ್ತಿಗೆ ಹೂಗಳು ಕಂದಿದವು.

ಆಮೇಲೆ ಕತ್ತರಿ ಹಿಡಿದೆ. ಹಸಿರೆಲೆಗಳಿಗಿಂತ ಮೇಲಕ್ಕೆ, ಒಂದೇ ಅಳತೆಯಲ್ಲಿ, ಏಳನ್ನೂ ಕತ್ತರಿಸಿದೆ. ಒಂದು ಹಸಿ ರೆಂಬೆಯನ್ನು ಡಬ್ಬಿಯೊಳಗಿನ ಗರಸಿನಲ್ಲಿ ಊರಿ, ಅವಳು ಬಂದರೆ ಕೊಡಬೇಕೆಂದು ಕಟ್ಟೆಯ ಮೇಲಿಟ್ಟೆ. ಅದು ಬೇರು ಬಿಟ್ಟಿತು. ನಾನು ಕೆಲಸ ಬಿಟ್ಟು ಈಗ ನಾಲ್ಕು ವರ್ಷ. ಗಿಡ ಬೆಳೆದಂತೆ ಡಬ್ಬಿಯನ್ನು ಮೂರು ಸಲ ಬದಲಿಸಿದ್ದೇನೆ; ಅದಿನ್ನೂ ಕಟ್ಟೆಯ ಮೇಲೇ ಇದೆ.

ಇಂದು ಬೆಳಿಗ್ಗೆ ನಳ ಬಂದಿತ್ತು. ಎದುರುಮನೆಯವರು ಕೊಡ ಹಿಡಿದು, ಗೇಟಿನ ಹೊರಗೇ ನಿಂತು ಕೇಳಿದರು.

"ಇವತ್ತೂ ಬ್ಯಾಡ ಅಲ್ರಿ, ಅಕ್ಕೋರ?"

ಬೆರಳಿಳಿಸಿ ನೋಡಿದೆ. ದಿಬ್ಬದೊಳಗೆ ಇನ್ನೂ ಹಸಿ ಇತ್ತು.

"ಬ್ಯಾಡ್ರಿ," ಎಂದೆ.

ಅವರು ನೀರನ್ನು ತಮ್ಮ ಕರಿಬೇವಿಗೆ ಸುರಿದು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.