ಗಾಜಿಗೆ ಅಂಟಿದ ಚಿತ್ರ

ಅಮ್ಮನ ಫೋಟೋ ನಮ್ಮಲ್ಲಿ ಒಂದೂ ಇರಲಿಲ್ಲ. ಇದ್ದದ್ದು ಅಪ್ಪ ಪೆನ್ಸಿಲಿನಲ್ಲಿ ಬರೆದ ಚಿತ್ರ ಮಾತ್ರ. ಅಮ್ಮ ತೀರಿಕೊಂಡ ಮೇಲೆ, ಗಂಡನ ಮನೆಗೆ ಹಿಂತಿರುಗುವ ಮೊದಲು ಅಕ್ಕ ಅದರದೊಂದು ಪ್ರತಿ ಬೇಕೆಂದಳು. “ಹಾಳಾಗದ ಹಾಗೆ ಮಾಡ್ಸಿ,” ಎಂದಷ್ಟೇ ಅಪ್ಪ ಹೇಳಿದರು.

ನಾನೂ ಅಕ್ಕನೂ ಒಯ್ದಾಗ, ಜಯನಗರದ ಸ್ಟುಡಿಯೋದವರು ಫ್ರೇಮಿನ ಹಿಂದಿನ ರಟ್ಟು ತೆಗೆದು ನೋಡಿದರು. “ಕಾಗದ ಗಾಜಿಗೆ ಅಂಟ್ಕೊಂಡಿದೆ. ಬಿಡಿಸಕ್ಕೆ ಹೋದ್ರೆ ಮುಖಾನೇ ಕಿತ್ಕೊಂಡು ಬರುತ್ತೆ. ಗಾಜಿನ ಮೇಲಿಂದ್ಲೇ ಫೋಟೋ ತೆಗೀತೀನಿ.”

ಗಾಜಿನಲ್ಲಿ ನಮ್ಮ ಪ್ರತಿಬಿಂಬ ಮೂಡದಂತೆ, ನಡುವೆ ತೂತಿದ್ದ ಕರಿಬಟ್ಟೆಯನ್ನು ಕ್ಯಾಮೆರಾದ ಮುಂದೆ ಹಿಡಿದು ನಿಲ್ಲುವ ಕೆಲಸ ನನ್ನದಾಯಿತು. ಬೀದಿಯವರನ್ನೆಲ್ಲ ಅಣಕಿಸುತ್ತಿದ್ದ ನನ್ನ ಮೂತಿ ಬಟ್ಟೆಯ ಹಿಂದೆ ಮರೆಯಾಯಿತು. ಚಿತ್ರಕ್ಕೆ ಒಳ್ಳೆಯದೇ ಆಯಿತು.

ಅಭ್ಯಾಸಬಲದಿಂದ, ಸ್ಟುಡಿಯೋದವರ ದನಿಯಲ್ಲೇ ಚಿತ್ರಕ್ಕೆ, “ಗದ್ದ ಸ್ವಲ್ಪ ಎತ್ತಿ ಅಮ್ಮಾ, ನಗ್ಬೇಕು,” ಎಂದೆ.

“ಸುಮ್ನಿರೋ ಕೋತಿ,” ಎಂದಳು ಅಕ್ಕ. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ನನಗೂ ಏನೂ ಅನ್ನಿಸಲಿಲ್ಲ. ತೋಳು ಮಾತ್ರ ನೋಯುತ್ತಿತ್ತು.

ಮನೆಗೆ ತಂದಾಗ ಅಪ್ಪ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಏನೂ ಆಗಿಲ್ಲ ತಾನೆ?”

“ಏನೂ ಆಗಿಲ್ಲಪ್ಪ.”

ಅದನ್ನು ಮೊಳೆಗೆ ತೂಗುಹಾಕಿ, ಅಕ್ಕನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.